ಹದಿನಾರು ಬಾರ್ ಮುಗಿದ ಮೇಲೆ ಏನು?

ಕಳೆದ ವರ್ಷ ರಾಜ್ಯೋತ್ಸವದ ಸಂಜೆ ನೀವು ಕ್ಯಾಂಪಸ್ಸಿನಲ್ಲಿ ಇದ್ದಿದ್ರೆ ನಮ್ಮ ಬ್ಯಾಂಡಿನ ಮರ್ಯಾದೆ ಹೋಗಿದ್ದನ್ನ ಕಣ್ಣಾರೆ ನೋಡಿರ್ತೀರಿ. ಎರಡನೇ ಹಾಡಿನ ನಡುವೆ ಹಾಡೋಳ ಮೈಕ್ ಸತ್ತುಹೋಯ್ತು. ಕೇಬಲ್ ಬದಲಾಯಿಸೋಕೆ ಇಬ್ಬರು ಓಡಿ ಬಂದ್ರು. ಡ್ರಮ್ಸ್ ಹುಡುಗ ನನ್ನ ಕಡೆ ನೋಡಿ ತಲೆ ಆಡಿಸಿದ. 'ನೀನು ಸೋಲೋ ಹೊಡೀತಿರು, ಅಷ್ಟರಲ್ಲಿ ಸರಿ ಆಗುತ್ತೆ' ಅಂತ ಅದರ ಅರ್ಥ. ಹೊಡೆದೆ. ನನ್ನ ಸೋಲೋ ಹದಿನಾರು ಬಾರ್. ಬಾರಿಗೆ ನಾಲ್ಕು ಬೀಟ್, ನಿಮಿಷಕ್ಕೆ 96 ಬೀಟ್. ಲೆಕ್ಕ ಹಾಕಿ, ಸರಿಯಾಗಿ 40 ಸೆಕೆಂಡ್. ಮೈಕ್ ಸರಿಯಾಗೋಕೆ ಮೂರು ನಿಮಿಷ ಬೇಕಾಯ್ತು. ಯೂಟ್ಯೂಬ್ ನೋಡಿ ಎರಡು ತಿಂಗಳು ಉರು ಹೊಡೆದಿದ್ದ ಅದೇ ಸೋಲೋವನ್ನ ನಾಲ್ಕು ಸಲ ಬಾರಿಸಿ, ಐದನೇ ಸಲದ ಅರ್ಧಕ್ಕೆ ಬಂದಿದ್ದೆ. ಅಷ್ಟೊತ್ತಿಗೆ ಮುಂದಿನ ಸಾಲಿನ ಜೂನಿಯರ್ಸ್ ಅದನ್ನ ಬಾಯಲ್ಲೇ ನನ್ನ ಜೊತೆ ಹಾಡ್ತಿದ್ರು.

ಆ ರಾತ್ರಿ ಹಾಸ್ಟೆಲ್ಲಿನಲ್ಲಿ ಒಂದೇ ಪ್ರಶ್ನೆ ತಲೆ ತಿಂತಿತ್ತು. ಬರೆದಿಟ್ಟದ್ದು ಮುಗಿದ ಮೇಲೂ ಬಾರಿಸ್ತಾನೇ ಇರೋರು ಇದ್ದಾರಲ್ಲ, ಇಪ್ಪತ್ತು ನಿಮಿಷ, ಅರ್ಧ ಗಂಟೆ, ಅವರು ಏನು ಮಾಡ್ತಾರೆ? ಅದರಲ್ಲೇ ಜೀವನ ನಡೆಸಿದವರು ಹೇಗೆ ನಡೆಸಿದ್ರು? ಈ ಲೇಖನ ಆ ಪ್ರಶ್ನೆಯ ಹಿಂದೆ ಬಿದ್ದು ನಾನು ತಿಳ್ಕೊಂಡಿದ್ದು. ಮೆಕ್ಯಾನಿಕಲ್ ಹುಡುಗನ ಸಂಗೀತ ಜ್ಞಾನ ಇಷ್ಟೇ ಅಂತ ಮೊದಲೇ ಹೇಳ್ಬಿಡ್ತೀನಿ.

ಅಮೆರಿಕದಲ್ಲಿ ಇಂಥವರಿಗೆ ಅಂತಲೇ ಒಂದು ಪಂಗಡ ಇದೆ, ಜಾಮ್ ಬ್ಯಾಂಡ್. ಅದರ ಮೂಲಪುರುಷರು ಗ್ರೇಟ್‌ಫುಲ್ ಡೆಡ್ ಅನ್ನೋ ತಂಡ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರ ಆಗಸ್ಟಿನಲ್ಲಿ ತೀರಿಕೊಳ್ಳುವ ತನಕ ಮೂವತ್ತು ವರ್ಷಗಳಲ್ಲಿ ಹತ್ತಿರ ಹತ್ತಿರ 2,300 ಕಛೇರಿ ಕೊಟ್ಟರು. ಗಾರ್ಸಿಯಾನಿಗೆ ನಾಲ್ಕು ವರ್ಷ ಇದ್ದಾಗ, ಅಣ್ಣ ಸೌದೆ ಸೀಳುವಾಗ ಕೊಡಲಿ ಬಿದ್ದು ಬಲಗೈ ನಡುಬೆರಳು ಬಹುಪಾಲು ಹೋಗಿತ್ತು. ಇರೋ ಬೆರಳಲ್ಲೇ ಬ್ಯಾಂಜೋ, ಆಮೇಲೆ ಗಿಟಾರ್. (ನನ್ನ ಹತ್ತೂ ಬೆರಳು ಸರಿಯಾಗಿವೆ, ನೆಪ ಹೇಳೋಕೆ ಏನೂ ಇಲ್ಲ.)

ಇವರ ರೀತಿ ಹೇಗೆ ಅಂದ್ರೆ, 'ಡಾರ್ಕ್ ಸ್ಟಾರ್' ಅನ್ನೋ ಹಾಡು 1968ರಲ್ಲಿ ರೆಕಾರ್ಡ್ ಆಗಿ ಬಂದಾಗ ಮೂರು ನಿಮಿಷಕ್ಕಿಂತ ಕಡಿಮೆ. ಮರುವರ್ಷ ಬಂದ 'ಲೈವ್/ಡೆಡ್' ಆಲ್ಬಮ್ಮಿನಲ್ಲಿ ಅದೇ ಹಾಡು 23 ನಿಮಿಷ. ಮಾತು ಅಷ್ಟೇ, ಪಲ್ಲವಿ ಅಷ್ಟೇ. ನಡುವಿನ ಬಯಲು ಮಾತ್ರ ಬೆಳೆದಿದೆ. ಆ ಬಯಲಲ್ಲಿ ದಿನಾ ಬೇರೆ ಬೇರೆ ದಾರಿ ಹಿಡಿದು ಹೋಗ್ತಾರೆ. ಹಾಗಾಗಿ ಒಂದು ಊರಿನಲ್ಲಿ ಕೇಳಿದವನು ಮುಂದಿನ ಊರಿಗೂ ಹೋಗಿ ಕೇಳ್ತಾನೆ. ಇವತ್ತು ಅದೇ ಹಾಡು, ಆದರೆ ಅದೇ ಅಲ್ಲ.

ಇದು ಜಾಜ್‌ನಿಂದ ಕಲಿತ ಬುದ್ಧಿ. ಆದರೆ ಒಂದು ವ್ಯತ್ಯಾಸ ಇದೆ. ಹಳೇ ಜಾಜ್‌ನಲ್ಲಿ ಹಾಡಿನ ಕಾರ್ಡ್‌ಗಳು ಬೇಗ ಬೇಗ ಬದಲಾಗ್ತಾ ಓಡ್ತವೆ. ವಾದಕ ಆ ಓಟದ ಮೇಲೆ ಕಾಲು ತಪ್ಪದಂತೆ ನೋಟ್ ಇಡಬೇಕು. ಜಾಮ್ ಬ್ಯಾಂಡಿನಲ್ಲಿ ಬಹಳ ಸಲ ಒಂದೋ ಎರಡೋ ಕಾರ್ಡ್ ಹಿಡಿದು ನಿಂತುಬಿಡ್ತಾರೆ, ನಮ್ಮ ತಂಬೂರಿ ಶ್ರುತಿ ಹಿಡಿದ ಹಾಗೆ. ಮೇಲೆ ಗಿಟಾರ್ ಒಂದು ಸ್ವರಗುಚ್ಛ ಹಿಡಿದು ಅಲೀತದೆ. ಗಿಟಾರ್ ಕ್ಲಾಸಿಗೆ ಹೋದವರಿಗೆ ಡೋರಿಯನ್, ಮಿಕ್ಸೊಲಿಡಿಯನ್ ಅಂತ ಹೇಳಿಕೊಟ್ಟಿರ್ತಾರೆ. ಹೆಸರು ಕೇಳಿ ಹೆದರಬೇಡಿ. ಡೋರಿಯನ್‌ನ ಸ್ವರಗಳು ಖರಹರಪ್ರಿಯ, ಹಿಂದೂಸ್ತಾನಿಯವರ ಕಾಫಿ ಥಾಟ್. ಮಿಕ್ಸೊಲಿಡಿಯನ್ ಅಂದ್ರೆ ಹರಿಕಾಂಭೋಜಿ, ಅಂದ್ರೆ ಖಮಾಜ್ ಥಾಟ್. ಸ್ವರಗಳು ಅವೇ, ನಡಿಗೆ ಬೇರೆ. ನಮ್ಮಲ್ಲಿ ರಾಗಕ್ಕೆ ಗಮಕ ಇದೆ, ಹತ್ತಬೇಕಾದ ಇಳಿಯಬೇಕಾದ ದಾರಿ ಇದೆ. ಅವರಲ್ಲಿ ಆ ಕಟ್ಟು ಇಲ್ಲ. ಬದಲಿಗೆ ಕೆಳಗಿನ ಬೇಸ್ ಗಿಟಾರ್‌ನವನು ಒಂದೇ ಒಂದು ಸ್ವರ ಸರಿಸಿದ್ರೆ ಮೇಲಿನದ್ದೆಲ್ಲದರ ಬಣ್ಣ ಬದಲಾಗುತ್ತೆ. ಸೋಲೋ ಅಂತೀವಿ, ಅಸಲಿಗೆ ಅಲ್ಲಿ ಒಬ್ಬನೇ ಅಂತ ಇರೋದಿಲ್ಲ.

ಫಿಶ್ ಅನ್ನೋ ತಂಡ ಇದನ್ನ ಪಾಠದ ಹಾಗೆ ಅಭ್ಯಾಸ ಮಾಡ್ತಿತ್ತು. 1983ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಹುಡುಗರು ಕಟ್ಟಿದ ತಂಡ ಅದು, ನಮ್ಮ ಹಾಗೆಯೇ ಹಾಸ್ಟೆಲ್ ಹುಡುಗರು. ಅವರ ಒಂದು ಕಸರತ್ತು ನನಗೆ ತುಂಬಾ ಹಿಡಿಸ್ತು. ನಾಲ್ವರೂ ಕೂತು ಒಬ್ಬ ಒಂದು ಸಣ್ಣ ತುಣುಕು ಶುರು ಮಾಡ್ತಾನೆ, ಉಳಿದವರು ಒಬ್ಬೊಬ್ಬರಾಗಿ ಅದಕ್ಕೆ ಹೊಂದಿಸಿ ಸೇರ್ತಾರೆ. ಉಳಿದ ಮೂವರೂ ಹೊಂದಿಕೊಂಡು ಕೂತಿದ್ದಾರೆ ಅಂತ ತನ್ನ ಕಿವಿಗೆ ಖಾತ್ರಿಯಾದಾಗ 'ಹೇ' ಅನ್ನಬೇಕು. ನಾಲ್ಕೂ 'ಹೇ' ಬಂದ ಮೇಲೆ ಮುಂದಿನವನು ತುಣುಕು ಬದಲಿಸ್ತಾನೆ. ಇಲ್ಲಿ ನಿಮ್ಮ ಬೆರಳಿನ ವೇಗಕ್ಕೆ ಒಂದು ಅಂಕವೂ ಇಲ್ಲ. ಪರೀಕ್ಷೆ ಪೂರ್ತಿ ಕಿವಿಯದ್ದು. ಹೀಗೆ ತಯಾರಾದವರು 2017ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ಬಾರಿಸಿದ್ರು, ಒಂದು ಹಾಡನ್ನೂ ಎರಡನೇ ಸಲ ಬಾರಿಸದೆ. ಒಟ್ಟು 237 ಹಾಡು.

ಈಗ ನಮ್ಮ ಮೈಕಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲಿ ಇ ಅಂಡ್ ಸಿ ಗೆಳೆಯರಿಗೆ ಒಂದು ಸೊಗಸಾದ ಸಂಗತಿ ಇದೆ. 1974ರಲ್ಲಿ ಗ್ರೇಟ್‌ಫುಲ್ ಡೆಡ್‌ನವರು 'ವಾಲ್ ಆಫ್ ಸೌಂಡ್' ಅನ್ನೋ ಧ್ವನಿವ್ಯವಸ್ಥೆ ಕಟ್ಟಿಸಿದ್ರು. ಸುಮಾರು 600 ಸ್ಪೀಕರ್, 26,400 ವಾಟ್, ಮೂರು ಮಹಡಿ ಮನೆ ಎತ್ತರ. ಸಾಮಾನ್ಯವಾಗಿ ಸ್ಪೀಕರ್ ವೇದಿಕೆಯ ಮುಂದೆ ಇರ್ತವೆ, ವಾದಕರು ಕೇಳಿಸಿಕೊಳ್ಳೋಕೆ ಬೇರೆ ಮಾನಿಟರ್ ಇರ್ತವೆ. ಇವರು ಗೋಡೆಯನ್ನ ತಮ್ಮ ಬೆನ್ನ ಹಿಂದೆ ನಿಲ್ಲಿಸಿದ್ರು, ಜನಕ್ಕೆ ಏನು ಕೇಳುತ್ತೋ ಅದೇ ತಮಗೂ ಕೇಳಲಿ ಅಂತ. ಒಬ್ಬೊಬ್ಬರ ವಾದ್ಯಕ್ಕೆ ಬೇರೆ ಬೇರೆ ಸ್ಪೀಕರ್ ಸಾಲು. ಒಬ್ಬರನ್ನೊಬ್ಬರು ಸ್ಪಷ್ಟವಾಗಿ ಕೇಳದೆ ಜಾಮ್ ಆಗೋದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

ಆದರೆ ಸ್ಪೀಕರ್ ಮೈಕಿನ ಹಿಂದೆ ಇದ್ರೆ ಏನಾಗುತ್ತೆ? ಕೂಂ ಅಂತ ಕಿರುಚುತ್ತೆ, ಫೀಡ್‌ಬ್ಯಾಕ್. ಅದಕ್ಕೆ ಅವರು ಒಬ್ಬ ಗಾಯಕನಿಗೆ ಎರಡು ಮೈಕ್ ಕೊಟ್ಟರು, ಒಂದರ ಮೇಲೊಂದು, ಒಂದರ ಪೊಲಾರಿಟಿ ಉಲ್ಟಾ. ಹಾಡೋದು ಒಂದಕ್ಕೆ ಮಾತ್ರ. ಹಿಂದಿನ ಗೋಡೆಯಿಂದ ಬರುವ ಶಬ್ದ ಎರಡಕ್ಕೂ ಒಂದೇ ತರ ಬೀಳುತ್ತೆ, ಕೂಡಿಸಿದಾಗ ಕಳೆದುಹೋಗುತ್ತೆ. ಹಾಡಿದವನ ದನಿ ಒಂದರಲ್ಲಿ ಮಾತ್ರ ಇರೋದ್ರಿಂದ ಉಳಿಯುತ್ತೆ. ಮೂರನೇ ಸೆಮಿಸ್ಟರ್‌ನಲ್ಲಿ ಡಿಫರೆನ್ಷಿಯಲ್ ಆಂಪ್ಲಿಫೈಯರ್, ಕಾಮನ್ ಮೋಡ್ ರಿಜೆಕ್ಷನ್ ಅಂತ ಓದ್ತೀರಲ್ಲ, ಅದೇ ಮಾರಾಯರೇ! ಇಂಟರ್ನಲ್ಸ್‌ಗೆ ಉರು ಹೊಡೆದಿದ್ದು ಒಂದು ಕಡೆ ಹಿಪ್ಪಿಗಳ ಕಛೇರಿಯಲ್ಲಿ ನಿಂತಿತ್ತು. ಸಾಗಿಸೋದು, ಕಟ್ಟೋದು, ಬಿಚ್ಚೋದು ಎಲ್ಲ ಸೇರಿ ಖರ್ಚು ತಡೆಯಲಾಗದೆ ಅದೇ ವರ್ಷ ಅಕ್ಟೋಬರಿಗೆ ಗೋಡೆ ಇಳಿಸಿದ್ರು.

ಹಣದ ಲೆಕ್ಕವೂ ಇವರದ್ದು ತಲೆಕೆಳಗು. ಕಛೇರಿಯನ್ನ ಜನ ಟೇಪ್ ಮಾಡಿಕೊಂಡು ಹಂಚೋದನ್ನ ಉಳಿದ ತಂಡಗಳು ಕಳ್ಳತನ ಅಂತಿದ್ವು. ಇವರು 1984ರಿಂದ ಟೇಪ್ ಮಾಡೋರಿಗೆ ಅಂತಲೇ ಬೇರೆ ಟಿಕೆಟ್, ಬೇರೆ ಜಾಗ ಕೊಟ್ಟರು. ಮಾರಬಾರದು, ಬದಲಾಯಿಸಿಕೊಳ್ಳಬಹುದು. ಇವತ್ತಿನ ಕಛೇರಿ ನಿನ್ನೆಯದ್ದರ ಹಾಗೆ ಇಲ್ಲ ಅಂದ ಮೇಲೆ ನಿನ್ನೆಯ ಟೇಪ್ ಇವತ್ತಿನ ಟಿಕೆಟ್ಟಿಗೆ ಜಾಹೀರಾತು ಆಗುತ್ತೆ.

ಗಾರ್ಸಿಯಾ, ಫಿಶ್‌ನ ಟ್ರೇ ಅನಸ್ಟಾಸಿಯೊ, ಇವರೆಲ್ಲ ಸ್ವಂತ ತಂಡದ ನಾಯಕರು. ನನಗೆ ಇವರಿಗಿಂತ ಉಪಯೋಗದ ಪಾಠ ಕಂಡಿದ್ದು ಜಿಮ್ಮಿ ಹೆರಿಂಗ್ ಅನ್ನೋ ವಾದಕನಲ್ಲಿ. 1962ರಲ್ಲಿ ನಾರ್ತ್ ಕರೋಲಿನಾದಲ್ಲಿ ಹುಟ್ಟಿದವರು, ಹಾಲಿವುಡ್‌ನ ಗಿಟಾರ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು. ಹೆಸರು ಬಂದಿದ್ದು ಕರ್ನಲ್ ಬ್ರೂಸ್ ಹ್ಯಾಂಪ್ಟನ್‌ರ ಅಕ್ವೇರಿಯಂ ರೆಸ್ಕ್ಯೂ ಯೂನಿಟ್ ತಂಡದಿಂದ. ಆಮೇಲೆ ಅವರ ಬದುಕು ಒಂದು ರೀತಿ ಅತಿಥಿ ಕಲಾವಿದನದ್ದು. ಗ್ರೇಟ್‌ಫುಲ್ ಡೆಡ್ ಹಾಡುಗಳನ್ನ ಮಾತಿಲ್ಲದೆ ಜಾಜ್ ಮಾಡಿ ಬಾರಿಸಿದ 'ಜಾಜ್ ಈಸ್ ಡೆಡ್', 2000ದಲ್ಲಿ ಆಲ್ಮನ್ ಬ್ರದರ್ಸ್, ಫಿಲ್ ಲೆಶ್ ತಂಡ, ಡೆಡ್‌ನ ಉಳಿದ ಸದಸ್ಯರು ಮತ್ತೆ ಸೇರಿದಾಗ ಗಾರ್ಸಿಯಾ ನಿಲ್ಲುತ್ತಿದ್ದ ಜಾಗ, 2006ರಿಂದ ವೈಡ್‌ಸ್ಪ್ರೆಡ್ ಪ್ಯಾನಿಕ್. ಬಹಳ ಕಡೆ ಅವರು ಹೋಗಿದ್ದು ತೀರಿಹೋದವರ, ಇಲ್ಲಾ ಬಿಟ್ಟುಹೋದವರ ಖಾಲಿ ಜಾಗಕ್ಕೆ. ಎಂಥಾ ಕಷ್ಟದ ಕೆಲಸ ನೋಡಿ. ಹಳೆಯವರ ಹಾಗೇ ಬಾರಿಸಿದ್ರೆ 'ನಕಲು' ಅಂತಾರೆ, ತನ್ನ ಹಾಗೆ ಬಾರಿಸಿದ್ರೆ 'ಹಳೆಯವರ ಹಾಗಿಲ್ಲ' ಅಂತಾರೆ. 2017ರಲ್ಲಿ ಜಾನ್ ಮೆಕ್‌ಲಾಫ್ಲಿನ್ ಅಮೆರಿಕದಲ್ಲಿ ವಿದಾಯದ ಪ್ರವಾಸ ಮಾಡಿದಾಗ ಜೊತೆಗೆ ಕರ್ಕೊಂಡು ಹೋಗಿದ್ದು ಇದೇ ಹೆರಿಂಗ್ ತಂಡವನ್ನ.

ಮೆಕ್‌ಲಾಫ್ಲಿನ್ ಹೆಸರು ಬಂದ್ರೆ ದಾರಿ ನಮ್ಮ ಕಡೆ ತಿರುಗುತ್ತೆ. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿ ಜಾಜ್-ರಾಕ್ ಅಂದ್ರೆ ಏನು ಅಂತ ತೋರಿಸಿದವರು, ಆಮೇಲೆ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಜೊತೆ ಶಕ್ತಿ ತಂಡ ಕಟ್ಟಿದವರು. ಗ್ರೇಟ್‌ಫುಲ್ ಡೆಡ್‌ನ ಡ್ರಮ್ಮರ್ ಮಿಕಿ ಹಾರ್ಟ್ ಕೂಡ ಜಾಕಿರ್ ತಂದೆ ಅಲ್ಲಾ ರಖಾ ಹತ್ತಿರ ಕಲಿತವರು. ಡೆಡ್‌ನವರ 'ದಿ ಇಲೆವೆನ್' ಅನ್ನೋ ಹಾಡು ಹನ್ನೊಂದು ಮಾತ್ರೆಯದ್ದು.

ಬೆಂಗಳೂರಿನಲ್ಲಿ ಇದಕ್ಕೊಂದು ಮನೆಯೇ ಇತ್ತು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಶುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಜರ್ಮನಿಯ ಮ್ಯೂನಿಕ್‌ನಿಂದ ಎಂಬ್ರಿಯೊ ಅನ್ನೋ ಜಾಜ್-ರಾಕ್ ತಂಡ 1978-79ರಲ್ಲಿ ಬಸ್ಸಿನಲ್ಲಿ ಭಾರತದ ತನಕ ಬಂತು. ದಾರಿಯಲ್ಲಿ ಸಿಕ್ಕ ಸಿಕ್ಕ ಊರಿನ ವಾದ್ಯಗಾರರ ಜೊತೆ ಕೂತು ಬಾರಿಸೋದೇ ಅವರ ಯಾತ್ರೆ. ಆ ತಂಡವೂ ಮಣಿಯವರ ಬಳಗವೂ ಕೂಡಿ ಬಾರಿಸಿದ್ವು. ಚಾರ್ಲ್ಸ್ ಮಿಂಗಸ್ ಜೊತೆ ಬಾರಿಸಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಇವರ ಜೊತೆ 1983ರಲ್ಲಿ 'ಜ್ಯೋತಿ' ಆಲ್ಬಮ್ ಮಾಡಿದ್ರು. ಹಾಡಿದ್ದು ಆರ್.ಎ. ರಮಾಮಣಿ. ಕೇಳಿ ನೋಡಿ, ಸ್ಯಾಕ್ಸೊಫೋನ್ ಹಾಡುವವರ ಬೆನ್ನು ಹತ್ತಿ ಹೋಗೋದು ಚೆನ್ನಾಗಿದೆ. ಏಳು ಮಾತ್ರೆಯನ್ನ 'ತಕಿಟ ತಕಧಿಮಿ' ಅಂತ ಬಾಯಲ್ಲಿ ಹೇಳಿಕೊಂಡ್ರೆ ಲೆಕ್ಕ ತಪ್ಪೋದಿಲ್ಲ ಅನ್ನೋ ನಮ್ಮ ಕೊನ್ನಕ್ಕೋಲು ಯುರೋಪಿನ ಜಾಜ್‌ನವರಿಗೆ ಗೊತ್ತಾಗಿದ್ದು ಇಂಥವರಿಂದ. ನಾವು ಮಾತ್ರ ಮೆಟ್ರೊನೋಮ್ ಆ್ಯಪ್ ಡೌನ್‌ಲೋಡ್ ಮಾಡ್ಕೋತೀವಿ.

ಗಿಟಾರ್ ಹಿಡಿದವರಲ್ಲಿ ಈ ದಾರಿಗೆ ತುಂಬ ಹತ್ತಿರದವರು ಬ್ರೂಸ್ ಲೀ ಮಣಿ. ಹೌದು, ನಿಜವಾಗಲೂ ಅದೇ ಹೆಸರು. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಶುರುವಾದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡದ ಗಿಟಾರ್ ಮತ್ತು ಗಾಯನ ಇವರದ್ದು, ಡ್ರಮ್ಸ್ ರಾಜೀವ್ ರಾಜಗೋಪಾಲ್. ತಂಡದ ಹೆಸರು ಕೇಳಿ ಥರ್ಮೋಡೈನಮಿಕ್ಸ್ ಅಂದುಕೊಂಡಿದ್ದೆ ನಾನು. ಅಲ್ಲವಂತೆ. ಮೊದಲಿನ ತಂಡದಲ್ಲಿ ಮೂವರು ಪೂರ್ತಿ ಮಲಯಾಳಿಗಳು, ಒಬ್ಬ ಕಾಲು ಮಲಯಾಳಿ. 'ಥ್ರೀ ಮಲ್ ಅಂಡ್ ಎ ಕ್ವಾರ್ಟರ್' ಅಂತ ತಮಾಷೆ.

ಇವರಿಗೆ ಜಾಮ್ ಬ್ಯಾಂಡ್ ಅನ್ನೋ ಪಟ್ಟಿ ಪೂರ್ತಿ ಕೂರೋದಿಲ್ಲ. ತಮ್ಮದು 'ಬೆಂಗಳೂರು ರಾಕ್' ಅಂತ ಅವರು ಹೇಳ್ಕೊಂಡಿದ್ದಾರೆ. ರಾಕ್‌ನ ಗಟ್ಟಿತನ, ಜಾಜ್‌ನ ಕಾರ್ಡ್, ಫಂಕ್‌ನ ತಾಳ. ಆದರೆ ಹಾಡಿನ ನಡುವೆ ಬಯಲು ಬಿಡೋದು, ಅಲ್ಲಿ ಮೂವರೂ ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡೋದು, ಇದೆಲ್ಲ ಅದೇ ಮನೆತನ. 2000ದಿಂದ ಒಂದಾದ ಮೇಲೊಂದು ಸ್ವಂತ ಹಾಡಿನ ಆಲ್ಬಮ್‌ಗಳು: 'ಜುಪಿಟರ್ ಕೆಫೆ' 2002, 'ಪ್ಲಾನ್ ಬಿ' 2005. 2012ರ 'ತ್ರೀ ವೀಲ್ಸ್ ನೈನ್ ಲೈವ್ಸ್' ಮೂರು ಡಿಸ್ಕಿನ ಆಲ್ಬಮ್, ಹೆಸರಿನ ಮೂರು ಚಕ್ರ ಅಂದ್ರೆ ನಮ್ಮ ಆಟೋ. ಅವರದೊಂದು ಇಂಗ್ಲಿಷ್ ಹಾಡಿನ ಹೆಸರಿನಲ್ಲೇ 'ಮೀಟರ್ ಮೇಲೆ' ಅಂತ ಕನ್ನಡ ಇದೆ, ಜೊತೆಗೆ ಒಂದೂವರೆ! ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡಿದವರಿಗೆ ವಿವರಣೆ ಬೇಕಿಲ್ಲ. ಡೀಪ್ ಪರ್ಪಲ್, ಜೆಥ್ರೊ ಟಲ್ ತಂಡಗಳ ಕಛೇರಿಗೆ ಮುಂಚೆ ವೇದಿಕೆ ಏರಿದ್ದಾರೆ.

ಹೊಟ್ಟೆಪಾಡಿನ ಪ್ರಶ್ನೆಗೆ ಅವರ ಉತ್ತರ ಕಲಿಸೋದು. ಮಣಿ ಮತ್ತು ರಾಜೀವ್ ಸೇರಿ 'ಟಾಕಾಡೆಮಿ' ಅನ್ನೋ ಸಂಗೀತ ಶಾಲೆ ನಡೆಸಿದ್ರು. ಇದನ್ನ ನಾನು ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಇನ್‌ಸ್ಟಾದಲ್ಲಿ ನಮಗೆ ವೇದಿಕೆಯ ಮೂವತ್ತು ಸೆಕೆಂಡ್ ಮಾತ್ರ ಕಾಣುತ್ತೆ. ಸಂಜೆ ಐದಕ್ಕೆ ಏಳನೇ ಕ್ಲಾಸಿನ ಹುಡುಗನಿಗೆ ಸಿ ಮೇಜರ್ ಹಿಡಿಸೋದು ಕಾಣಲ್ಲ. ಜಾಗದ ಸಮಸ್ಯೆ ಬೇರೆ. ಬೆಂಗಳೂರಿನಲ್ಲಿ ಹೋಟೆಲ್, ಪಬ್‌ಗಳಲ್ಲಿ ಲೈವ್ ಸಂಗೀತಕ್ಕೆ ಪೊಲೀಸ್ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಸಣ್ಣ ಜಾಗಗಳು ಗಿಟಾರ್ ಇಳಿಸಿ ಡಿಜೆ ಇಲ್ಲದ ಸ್ಪೀಕರ್ ಹಾಕಿಕೊಂಡ್ವು. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಗಡಿ ಎಲ್ಲರಿಗೂ ಇದ್ದೇ ಇದೆ, 2000ದ ಶಬ್ದಮಾಲಿನ್ಯ ನಿಯಮ. ಅಕ್ಕಪಕ್ಕದ ಮನೆಯವರ ನಿದ್ದೆಯೂ ನಿದ್ದೆಯೇ, ಅದು ತಪ್ಪು ಅಂತ ನಾನು ಹೇಳಲ್ಲ. ಆದರೆ ಬಯಲು ಬಿಟ್ಟು ಬೆಳೆಯೋ ಸಂಗೀತಕ್ಕೆ ಒಂಬತ್ತೂ ಐವತ್ತಕ್ಕೆ ಗಡಿಯಾರ ನೋಡೋದು ಕಷ್ಟ.

ಇದೇ ಗಡಿಯಾರ ನಮ್ಮೂರಿಗೂ ಬಂದಿದೆ. ನಮ್ಮೂರು ಹೂವಿನಹಡಗಲಿ ತಾಲೂಕಿನ ಮಾಗಳ, ತುಂಗಭದ್ರಾ ಹೊಳೆ ದಂಡೆ. ನಮ್ಮ ಕಡೆ ಹಬ್ಬ, ಜಾತ್ರೆ ಬಂದ್ರೆ ಊರ ಹುಡುಗರು ನಾಟಕ ಆಡ್ತಾರೆ. ತಿಂಗಳುಗಟ್ಟಲೆ ತಾಲೀಮು, ಕಲಿಸೋಕೆ ಪೇಟಿ ಮಾಸ್ತರು. ಪೇಟಿ ಅಂದ್ರೆ ಹಾರ್ಮೋನಿಯಂ, ಕಾಲಲ್ಲಿ ಒತ್ತೋ ಕಾಲುಪೇಟಿ. ರಾಜ್ಯೋತ್ಸವದ ಅವಮಾನ ಆದ ಮೇಲೆ ದೀಪಾವಳಿಗೆ ಊರಿಗೆ ಹೋದಾಗ ತಾಲೀಮು ನಡೀತಿತ್ತು. ಚಿಕ್ಕವನಿದ್ದಾಗಿಂದ ನೋಡಿದ್ದೇ, ಆದರೆ ಅವತ್ತು ಮೊದಲ ಸಲ ಪೇಟಿ ಕಡೆ ಕಿವಿ ಕೊಟ್ಟು ಕೂತೆ.

ಖಳನಾಯಕನ ಪಾತ್ರದ ನಮ್ಮ ದೊಡ್ಡಪ್ಪ ಹಾಡಬೇಕಾದ್ದು ಕರಿ ಒಂದರಲ್ಲಿ, ಅಂದ್ರೆ ಗಿಟಾರ್‌ನವರ ಸಿ ಶಾರ್ಪ್. ಹುಮ್ಮಸ್ಸಿನಲ್ಲಿ ಬಿಳಿ ಎರಡಕ್ಕೆ ಎತ್ತಿಬಿಟ್ಟ. ಮಾಸ್ತರು ಕೈ ನಿಲ್ಲಿಸಲಿಲ್ಲ, ಅರ್ಧ ಸಾಲು ಮುಗಿಯೋದ್ರೊಳಗೆ ಪೇಟಿಯೂ ಬಿಳಿ ಎರಡರಲ್ಲಿತ್ತು. ಮುಂದೆ ದೊಡ್ಡಪ್ಪ ಮಾತು ಮರೆತ. ಮಾಸ್ತರು ಅದೇ ಮಟ್ಟನ್ನ ಸುತ್ತಿ, ಕೊಂಚ ಏರಿಸಿ, ಇಳಿಸಿ, ಮತ್ತೆ ಮೊದಲ ಮಾತಿನ ಬಾಗಿಲಿಗೆ ತಂದು ಬಿಟ್ಟರು. ಮುಖದಲ್ಲಿ ಏನೂ ಇಲ್ಲ, ಎಲೆಅಡಿಕೆ ಅಗೀತಾ ಇದ್ರು. ನಾಟಕದ ದಿನ ಜನ 'ಒನ್ಸ್‌ಮೋರ್' ಅಂತ ಕೂಗಿದ್ರೆ ಅದೇ ಹಾಡು ಮತ್ತೆ, ಆದರೆ ಎರಡನೇ ಸಲ ಪೇಟಿ ಅದೇ ಬಾರಿಸೋದಿಲ್ಲ. ಒಂದು ಸುತ್ತು ಹೆಚ್ಚು, ತಬಲಾದವನಿಗೆ ಒಂದು ಕಣ್ಸನ್ನೆ, ಒಂದು ಮುಕ್ತಾಯ. ನಾನು ಇಂಟರ್ನೆಟ್ಟಿನಲ್ಲಿ ಹುಡುಕ್ತಿದ್ದದ್ದು ನಮ್ಮೂರ ಗುಡಿ ಕಟ್ಟೆ ಮೇಲೆ ನಡೀತಿತ್ತು.

ತಾಲೀಮು ಮುಗಿದ ಮೇಲೆ ಕೇಳಿದೆ, "ಮಾಸ್ತರ್ರ, ಅವ್ರು ಎಲ್ಲಿ ತಪ್ತಾರ ಅಂತ ನಿಮಗ ಮೊದಲ ಹೆಂಗ ಗೊತ್ತಾಗತೈತ್ರಿ?"

"ಗೊತ್ತಾಗಂಗಿಲ್ಲಪ. ಹಾಡವ್ನ ಬಾಯಿ ನೋಡ್ತೀನಿ, ಉಸಿರು ಎಳ್ಕೊಳ್ಳದು ನೋಡ್ತೀನಿ. ನೀನು ನಿನ್ನ ಕೈ ನೋಡ್ಕಂತ ಬಾರಿಸ್ತಿರಬೇಕು."

ಸ್ಟೇಜಿನ ವಿಡಿಯೋ ತೆಗೆದು ನೋಡಿದೆ. ನಾಲ್ಕೂವರೆ ಸುತ್ತಿನಲ್ಲಿ ನಾನು ಒಂದು ಸಲವೂ ತಲೆ ಎತ್ತಿಲ್ಲ. ಎರಡನೇ ಸುತ್ತಿನಲ್ಲಿ ಬೇಸ್‌ನವಳು ಸ್ವರ ಬದಲಿಸಿ ನನಗೊಂದು ದಾರಿ ತೋರಿಸಿದ್ದಾಳೆ, ಕೇಳಿಸಿಕೊಂಡಿಲ್ಲ. ಮೂರನೇದರಲ್ಲಿ ಡ್ರಮ್ಸ್‌ನವನು ಶಬ್ದ ತಗ್ಗಿಸಿ ಜಾಗ ಬಿಟ್ಟಿದ್ದಾನೆ, ಅಲ್ಲೂ ಉರು ಹೊಡೆದದ್ದನ್ನೇ ತುಂಬಿದ್ದೀನಿ.

ಅದೇ ಮಾಸ್ತರು ಒಂದು ನಾಟಕಕ್ಕೆ ಸಿಗೋ ದುಡ್ಡಿನಲ್ಲಿ ಮನೆ ನಡೆಸ್ತಾರಾ ಅಂದ್ರೆ ಇಲ್ಲ, ಎರಡು ಎಕರೆ ಹೊಲ ಇದೆ, ಹಡಗಲಿ ಮಲ್ಲಿಗೆ ಹಾಕಿದ್ದಾರೆ. ಬೆಂಗಳೂರಿನವರಿಗೆ ಶಾಲೆ, ಇವರಿಗೆ ಮಲ್ಲಿಗೆ ಹೊಲ. ಅಪ್ಪ ಫೋನ್ ಮಾಡಿದಾಗೆಲ್ಲ "ಗಿಟಾರು ಬಾರಿಸಕಂಡು ಊಟ ಹೆಂಗಪ" ಅಂತಾರೆ. ಮೊದಲು ಸಿಟ್ಟು ಬರ್ತಿತ್ತು. ಈಗ ಆ ಪ್ರಶ್ನೆ ಸರಿಯಾಗೇ ಇದೆ ಅನ್ನಿಸುತ್ತೆ, ನನ್ನ ಹತ್ತಿರ ಉತ್ತರ ಇಲ್ಲ ಅಷ್ಟೇ. ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟಿದ್ದೀನಿ. ಗಿಟಾರ್ ಮಾರಿಲ್ಲ.

ಈ ಸೆಮಿಸ್ಟರ್ ಶುರುವಿಂದ ನಮ್ಮ ಬ್ಯಾಂಡ್‌ನವರು ಬುಧವಾರ ರಾತ್ರಿ ಮೆಸ್ ಹಿಂದಿನ ಖಾಲಿ ರೂಮಿನಲ್ಲಿ ಫಿಶ್‌ನವರ ಆ 'ಹೇ' ಕಸರತ್ತು ಮಾಡ್ತಿದ್ದೀವಿ. ನಮ್ಮ ಬಾಯಲ್ಲಿ ಅದು 'ಹ್ಞಾಂ' ಆಗಿದೆ. ಶ್ರುತಿ ಒಂದೇ, ಖರಹರಪ್ರಿಯದ ಸ್ವರ, ಏಳು ಮಾತ್ರೆ, ತಕಿಟ ತಕಧಿಮಿ. ಮೊದಲ ವಾರ ನಾಲ್ಕು 'ಹ್ಞಾಂ' ಬರೋಕೆ ಇಪ್ಪತ್ತು ನಿಮಿಷ ಹಿಡೀತು, ಅದರಲ್ಲೂ ಎರಡು ಸುಳ್ಳು ಹ್ಞಾಂ. ಹೋದ ಬುಧವಾರ ಸತತ ಆರು ಸುತ್ತು ದಾಟಿದ್ವಿ. ಏಳನೇದರಲ್ಲಿ ವಾರ್ಡನ್ ಬಾಗಿಲು ತಟ್ಟಿದ್ರು, ಹತ್ತು ಗಂಟೆ ಆಗಿತ್ತು.